ಇಪ್ಪತ್ತಡಿ ಫ್ಲೆಕ್ಸಿನ ಸಿಂಹ

ತಪ್ಪು ಬೀಜದಂಗಡಿಯ ಸಿದ್ರಾಯನದೇ. ಹೆಚ್ಚು ಬೀಜ ಮಾರಿದ ಅಂಗಡಿಕಾರರನ್ನು ಕಂಪನಿಯವರು ಆಫ್ರಿಕಾಕ್ಕೆ ಕರೆದೊಯ್ಯುತ್ತಾರೆಂದು ಗೊತ್ತಾದ ದಿನವೇ ಘಟಪ್ರಭಾದ ಸ್ಟೇಶನ್ ರಸ್ತೆಯಲ್ಲಿ ನಿಂತು, "ಸಿಂಹದ ಮುಂದ ನಿಂತ ಫೋಟೋ ತಗಸ್ಕೊಂಡ ಬರ್ತೀನಿ" ಎಂದು ಸಾರಿಬಿಟ್ಟಿದ್ದ. ಫ್ಲೆಕ್ಸ್ ಮಾಡುವ ಗಫಾರ ಇಪ್ಪತ್ತಡಿ ಬ್ಯಾನರಿನ ಕೆಳಗೆ ಶುಭ ಕೋರುವವರ ಮುಖಗಳನ್ನೆಲ್ಲ ಜೋಡಿಸಿ, ನಡುವೆ ಜಾಗ ಬಿಟ್ಟು ಕಾಯುತ್ತಿದ್ದ.

ಈಗ ತಾಂಜಾನಿಯಾದ ಕಡಲಂಚಿನ ಅಭಯಾರಣ್ಯದಲ್ಲಿ, ತೆರೆದ ಜೀಪಿನಲ್ಲಿ, ಗೋಕಾಕ, ಮೂಡಲಗಿ, ಹುಕ್ಕೇರಿಯ ಎಂಟು ಅಂಗಡಿಕಾರರ ನಡುವೆ ಸಿದ್ರಾಯ ಬೆವರುತ್ತಿದ್ದ. ಎಲ್ಲರ ಎದೆಯ ಮೇಲೂ ಅವರವರ ಹೆಸರು, ಊರು ಬರೆದು ಕಂಪನಿ ಕೊಟ್ಟ ದೊಡ್ಡ ಬಿಲ್ಲೆ. ಮಧ್ಯಾಹ್ನ ದಾಟಿದರೂ ಸಿಂಹದ ಬಾಲವೂ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಸುಮ್ಮನಿರಿ ಎಂದು ಗೈಡ್ ಕೈಮುಗಿದರೂ ಜೀಪಿನೊಳಗೆ ಸಂತೆ ನಡೆದೇ ಇತ್ತು. ಜಿರಾಫೆಗಳು ಓಡಿದವು. ಕೋತಿಯೊಂದು ಸಿದ್ರಾಯನ ಕರದಂಟಿನ ಡಬ್ಬಿಯನ್ನೇ ಹಾರಿಸಿಕೊಂಡು ಹೋಯಿತು.

ಮೂಡಲಗಿಯ ರಾಚಪ್ಪ ನಕ್ಕ. "ಸಿಂಹ ಬಿಡೋ, ಮಂಗ್ಯಾನ ಜೋಡಿನ ತಗಸ್ಕೋ."

ದಂಡೆಯ ತಿರುವಿನಲ್ಲಿ ಎಲ್ಲರ ಬಾಯಿ ಒಮ್ಮೆಲೇ ಕಟ್ಟಿತು. ಅಲೆಗಳ ಪಕ್ಕ, ಮರಳಿನ ಮೇಲೆ, ಕಟ್ಟೆಯೇರಿ ಕೂತ ಗೌಡನಂತೆ ಸಿಂಹ ಕೂತಿತ್ತು!

"ರಾಚಪ್ಪಣ್ಣ, ನಂದೊಂದ ಲಗೂನ ತಗೀರಿ!"

"ಹಿರಿಯಾವ ನಾ. ಮೊದಲ ನಂದ."

ಸಿದ್ರಾಯ ತನ್ನ ಮೊಬೈಲಿನಲ್ಲೇ ತೆಗೆದ. ಸಿಂಹ, ಸಮುದ್ರ, ರಾಚಪ್ಪ ಮೂರೂ ಚಂದ ಬಂದವು. ಆಮೇಲೆ ಇವನು ಮೀಸೆ ತಿರುವಿ ನಿಲ್ಲುವಷ್ಟರಲ್ಲಿ ಸಿಂಹ ಎದ್ದು ಪೊದೆ ಸೇರಿತ್ತು.

ಅಷ್ಟರಲ್ಲೇ ಗಫಾರನ ಫೋನು. "ಸಾವಕಾರ್ರ, ಇವತ್ತ ಪ್ರಿಂಟ್ ಹಾಕಬೇಕ್ರಿ. ಫೋಟೋ ಎಲ್ಲೈತ್ರಿ?"

ಸಿದ್ರಾಯ ರಾಚಪ್ಪನ ಫೋಟೋ ಕಳಿಸಿ ಪಿಸುಗುಟ್ಟಿದ: "ತಲಿ ಅಷ್ಟ ತಗದ ನಂದ ಹಚ್ಚು. ಬ್ಯಾರೆ ಏನೂ ಮುಟ್ಟಬ್ಯಾಡ."

ಮೂರನೆಯ ದಿನ ಘಟಪ್ರಭಾ ಸ್ಟೇಶನ್ನಿನಲ್ಲಿ ಹಲಗಿ ಬಡಿತ, ಗುಲಾಲು, ಸಿದ್ರಾಯನ ಕೊರಳಿಗೆ ಆಳೆತ್ತರದ ಹಾರ! ಫ್ಲೆಕ್ಸಿನಲ್ಲಿ ಸಿಂಹದ ಮುಂದೆ ಸಿದ್ರಾಯನ ಮುಖ ಫಳಫಳ ಹೊಳೆಯುತ್ತಿತ್ತು. ಜನ್ಮ ಸಾರ್ಥಕವಾಯಿತು ಎಂದುಕೊಂಡ ಸಿದ್ರಾಯ. ಅದೇ ರೈಲಿನಿಂದ ಇಳಿದ ರಾಚಪ್ಪನೂ ಬೆರಗಾಗಿ ನಿಂತ.

ಹೆಂಡತಿ ಸಾತವ್ವ ಆರತಿ ಎತ್ತಿದವಳು ನಡುವೆಯೇ ನಿಲ್ಲಿಸಿದಳು. "ಏನ್ರಿ, ಮುಖ ನಿಮ್ದು. ಎದಿ ಮ್ಯಾಲ 'ರಾಚಪ್ಪ, ಮೂಡಲಗಿ' ಅಂತ ಯಾಕೈತಿ?"

ಹಲಗಿ ನಿಂತಿತು. ಫ್ಲೆಕ್ಸಿನ ಬಿಲ್ಲೆ ಪರಾತದಷ್ಟು ದೊಡ್ಡದಾಗಿತ್ತು. ರಾಚಪ್ಪ ಮೆಲ್ಲಗೆ ಬಂದು ಹಾರ ತೆಗೆದು ತನ್ನ ಕೊರಳಿಗೆ ಹಾಕಿಕೊಂಡ. "ಹೆಸರ ಯಾರದೋ, ಹಾರ ಅವರದ." ಹಲಗಿ ಮತ್ತೆ ಶುರುವಾಗಿ ಅವನ ಹಿಂದೆ ಹೊರಟಿತು.

ಸಿದ್ರಾಯ ಗಫಾರನ ಅಂಗಿ ಹಿಡಿದ. ಗಫಾರ ಕಣ್ಣರಳಿಸಿದ.

"ತಲಿ ಬಿಟ್ಟ ಬ್ಯಾರೆ ಏನೂ ಮುಟ್ಟಬ್ಯಾಡ ಅಂದಿದ್ರಲ್ಲರಿ! ಅಲ್ಲಾನ ಆಣಿ, ಮುಟ್ಟಿಲ್ಲರಿ."