ಬಿಳಿ ಕಾಯಿಯ ಮೊದಲ ನಡೆ

ಕೂತಲ್ಲೇ ಕನಸು ಕಾಣುವವರಿಗೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಬೇರೆಯವರು ಕನಸು ಕಂಡು ಕವಿಗಳಾಗುತ್ತಾರೆ, ನಾನು ಬಸ್ಸು ತಪ್ಪಿಸಿಕೊಳ್ಳುತ್ತೇನೆ. ಎಪ್ಪತ್ತರ ದಶಕದ ನಡುವಿನಿಂದ ಮುಂದಿನ ಒಂಬತ್ತು ವರ್ಷ ನನ್ನ ಕನಸುಗಳೆಲ್ಲ ಚದುರಂಗದ ಒಂದೇ ಒಂದು ನಡೆಯ ಸುತ್ತ ಸುತ್ತುತ್ತಿದ್ದವು.

ಅಂಚಿನ ಕಾಲಾಳು

ನಾನು ಆಗ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಮಧ್ಯಾಹ್ನ ಊಟ ಮುಗಿಸಿ ಕ್ಯಾಂಟೀನಿನ ಕಿಟಕಿ ಪಕ್ಕ ಸ್ಟೋರ್ ಕೀಪರ್ ಜೊತೆ ಚದುರಂಗಕ್ಕೆ ಕೂರುತ್ತಿದ್ದೆ. ಅವರು ಗದಗಿನವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮಾತು ಕಡಿಮೆ.

ನಾನು ಎಲ್ಲರಂತೆ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಿದ್ದೆ. ಎದುರಿನವರು ಅದಕ್ಕೆ ಹಲಗೆಯ ನಡುವೆಯೇ ಎಲ್ಲಾದರೂ ಉತ್ತರ ಕೊಡುವುದು ವಾಡಿಕೆ. ಇವರು ಮಾತ್ರ ಮೂಲೆಯ ಆನೆಯ ಮುಂದಿರುವ ಕಾಲಾಳನ್ನು ಒಂದು ಮನೆ ದೂಡಿ ಸುಮ್ಮನೆ ಕೂರುತ್ತಿದ್ದರು. ಮುಂಬಾಗಿಲು ತಟ್ಟಿದವನಿಗೆ ಹಿತ್ತಲ ಬಾಗಿಲು ತೆಗೆದಂತೆ. ಇದರಲ್ಲಿ ಏನೋ ಮರ್ಮ ಇದೆ ಎಂದು ನಾನು ಯೋಚಿಸುತ್ತಾ ಕೂತರೆ, ಆ ಯೋಚನೆ ಮುಗಿಯುವುದರೊಳಗೆ ಸೋತಿರುತ್ತಿದ್ದೆ.

ನಿನ್ನೆ ಸೋತವನಿಗೆ ಇವತ್ತು ಬಿಳಿ ಕಾಯಿ ಎಂಬುದು ನಮ್ಮ ಕ್ಯಾಂಟೀನಿನ ಪದ್ಧತಿ. ಹಾಗಾಗಿ ಒಂಬತ್ತು ವರ್ಷ ನಾನು ಕರಿ ಕಾಯಿ ಮುಟ್ಟಿ ನೋಡಲಿಲ್ಲ.

ಪುಸ್ತಕದಲ್ಲಿ ಎರಡು ಸಾಲು

ಆರ್.ಟಿ. ನಗರದ ಗೆಳೆಯನೊಬ್ಬನಿಂದ ಇಟ್ಟಿಗೆ ದಪ್ಪದ ಇಂಗ್ಲಿಷ್ ಪುಸ್ತಕ ತಂದೆ. ಜಗತ್ತಿನಲ್ಲಿ ಆಟ ಶುರು ಮಾಡುವ ಬಗೆಗಳೆಲ್ಲ ಅದರಲ್ಲಿದ್ದವು. ಮೂರು ತಿಂಗಳು ಹುಡುಕಿದ ಮೇಲೆ ಒಂದು ಪುಟದ ತಳದಲ್ಲಿ ನಮ್ಮ ಸ್ಟೋರ್ ಕೀಪರ್ ಅವರ ನಡೆ ಸಿಕ್ಕಿತು. ಅದಕ್ಕೆ ಎರಡೇ ಸಾಲು. ಕರಿಯವನ ಈ ಉತ್ತರ ಚೆನ್ನಾಗಿಲ್ಲ, ಬಿಳಿಯವನು ತನಗೆ ಇಷ್ಟ ಬಂದದ್ದರಿಂದ ಆಟ ಶುರು ಮಾಡಿದ್ದರೂ ಮೇಲುಗೈ ಅವನದೇ, ಎಂದು ಬರೆದಿತ್ತು.

ನನಗೆ ಅಳು ಬರುವುದೊಂದು ಬಾಕಿ. ಇಷ್ಟ ಬಂದದ್ದು ಎಂದರೆ ಯಾವುದು? ರಾಜನ ಕಾಲಾಳೋ, ಮಂತ್ರಿಯ ಕಾಲಾಳೋ, ಕುದುರೆಯೋ? ಹೆಂಡತಿ ಅಕ್ಕಿ ಆರಿಸುತ್ತಾ ನನ್ನ ಗೋಳೆಲ್ಲ ಕೇಳಿಸಿಕೊಂಡಳು.

"ತರಕಾರಿ ತರೋಕೆ ಕಳಿಸಿದ್ರೂ ನಿಮಗೆ ಚೀಟಿ ಬರೆದು ಕೊಡ್ಬೇಕು," ಎಂದಳು. "ಪಾಪ, ಆ ಪುಸ್ತಕ ಬರೆದವರಿಗೆ ಅದು ಗೊತ್ತಿಲ್ಲ."

ಎಂಟು ತೂತು

ಒಂದು ಮಧ್ಯಾಹ್ನ ಯಂತ್ರದ ಅಡಿಹಲಗೆಯೊಂದರ ನಕ್ಷೆ ತೆಗೆಯುತ್ತಿದ್ದೆ. ಹೊರಗೆ ಗೂಡ್ಸ್ ಗಾಡಿ ಶಂಟಿಂಗ್ ಮಾಡುವ ಸದ್ದು, ಕಿಟಕಿಯಲ್ಲಿ ಇಳಿಬಿಸಿಲು. ನನ್ನ ಪೆನ್ಸಿಲ್ ತನ್ನಷ್ಟಕ್ಕೆ ತಾನೇ ಎಂಟು ಪುಟ್ಟ ಸೊನ್ನೆಗಳನ್ನು ಸಾಲಾಗಿ ಬಿಡಿಸಿತು. ಆಮೇಲೆ ಒಂದನ್ನು ಅಳಿಸಿ ಸ್ವಲ್ಪ ಮುಂದೆ ಬಿಡಿಸಿತು. ನಾನು ಅದನ್ನು ಅಳಿಸಲು ಮರೆತೆ. ನಕ್ಷೆ ಹಾಗೇ ಹಲಗೆ ಕೊರೆಯುವ ಶಾಪಿಗೆ ಹೋಯಿತು.

ಎರಡು ದಿನದ ಮೇಲೆ ಫೋರ್‌ಮನ್ ಭಾರದ ಕಬ್ಬಿಣದ ಹಲಗೆ ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟರು. ನಕ್ಷೆಯಲ್ಲಿದ್ದಂತೆ ಎಂಟು ತೂತು ಕೊರೆಸಿದ್ದರು. ಏಳು ಒಂದೇ ಸಾಲಲ್ಲಿವೆ, ಇದೊಂದು ಯಾಕೆ ಮುಂದಕ್ಕೆ ಹೋಗಿದೆ ಎಂದು ವಿನಯವಾಗಿಯೇ ಕೇಳಿದರು. ನಾನು ಕ್ಷಮೆ ಕೇಳಿದೆ. ಹಲಗೆ ಗುಜರಿಗೆ ಹೋಯಿತು, ಮತ್ತು ನಮ್ಮಲ್ಲಿ ಗುಜರಿಯೆಲ್ಲ ಸೇರುವುದು ಸ್ಟೋರಿಗೆ.

ಮರುದಿನ ಆಟಕ್ಕೆ ಕೂತಾಗ ನಾನಿನ್ನೂ ಕೈ ಎತ್ತಿರಲಿಲ್ಲ. ಸ್ಟೋರ್ ಕೀಪರ್ ಆಗಲೇ ತಮ್ಮ ಅಂಚಿನ ಕಾಲಾಳು ದೂಡಿದ್ದರು. ನನ್ನ ನಡೆ ಅವರಿಗೆ ಕಬ್ಬಿಣದಲ್ಲಿ ತಲುಪಿತ್ತು.

ಜಕ್ಕೂರಿನ ಒಂಟೆ

ಆಗ ನಮ್ಮ ಮನೆ ಹೆಬ್ಬಾಳದಲ್ಲಿ. ಬೆಳಿಗ್ಗೆ ಬಸ್ಸಿಗೆ ನಿಂತರೆ ಕೆರೆಯ ಮೇಲೆ ಮಂಜು, ಮಂಜಿನೊಳಗೆ ಹಕ್ಕಿಗಳ ಸದ್ದು. ಅಂಥ ಹೊತ್ತಿನಲ್ಲಿ ನನ್ನ ಕುದುರೆಗಳು ಬಲು ಚೆನ್ನಾಗಿ ಓಡುತ್ತಿದ್ದವು. ಒಂದು ದಿನ ಹಾಗೆ ಓಡಿಸುತ್ತಲೇ ಬಂದ ಬಸ್ಸು ಹತ್ತಿದೆ, ಸೀಟೂ ಸಿಕ್ಕಿತು. ಕಣ್ಣ ಮುಂದೆ ಒಂದು ಪುಟ್ಟ ವಿಮಾನ ಬಯಲಿನಿಂದ ಎದ್ದು ಆಕಾಶಕ್ಕೆ ಓರೆಯಾಗಿ ಏರುತ್ತಿತ್ತು. ಒಂಟೆಯ ನಡೆ! ಕುದುರೆಗಿಂತ ಮೊದಲು ಒಂಟೆಯನ್ನೇ ಹೊರಗೆ ತರಬೇಕು ಎಂದು ಹೊಳೆದು ಮೈ ಜುಮ್ಮೆಂದಿತು.

ಅದು ಜಕ್ಕೂರಿನ ವೈಮಾನಿಕ ಶಾಲೆಯ ವಿಮಾನ ಎಂದು ಹೊಳೆಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಯಶವಂತಪುರ ಒಂದು ದಿಕ್ಕಾದರೆ ಇದು ಇನ್ನೊಂದು ದಿಕ್ಕು. ಕಂಡಕ್ಟರ್ ಆ ಕಡೆಯ ಹಳ್ಳಿಯವನು. "ಇಂಗೇ ಯೋಚ್ನೆ ಮಾಡ್ಕೊಂಡು ಕುಂತ್ರೆ ದೊಡ್ಡಬಳ್ಳಾಪುರಕ್ಕೇ ಓಯ್ತೀರ, ಇಳೀರಿ ಸಾಮಿ," ಎಂದ.

ಕಾರ್ಖಾನೆ ತಲುಪಿದಾಗ ಒಂದೂವರೆ ಗಂಟೆ ತಡ. ಗೇಟಿನ ಗುಮಾಸ್ತರು ಕಾರಣ ಬರೆಯಲು ರಿಜಿಸ್ಟರ್ ಮುಂದಿಟ್ಟರು. ಸುಳ್ಳು ಬರೆಯಲು ಮನಸ್ಸಾಗದೆ, ದಾರಿ ತಪ್ಪಿತು ಎಂದು ಬರೆದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಎಂಟು ವರ್ಷದಿಂದ ಇದೇ ಕಾರ್ಖಾನೆಗೇ ಬರ್ತಿದ್ದೀರಿ ತಾನೇ ಎಂದು ಕೇಳಿದರು.

ಚಹಾದ ಗ್ಲಾಸು

ಕೊನೆಗೆ ಮಾನ ಬಿಟ್ಟು ಸ್ಟೋರ್ ಕೀಪರ್ ಅವರನ್ನೇ ಕೇಳಿದೆ. ಇಷ್ಟು ವರ್ಷ ಅದೇ ಕಾಲಾಳು ಯಾಕೆ, ಇದರ ಹಿಂದಿನ ತಂತ್ರವೇನು ಎಂದು. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ತಂತ್ರ ಏನಿಲ್ಲ ತಮ್ಮಾ. ಎಡಗೈಯಾಗ ಚಾದ ಗ್ಲಾಸ್ ಇರತೈತಿ. ಬಲಗೈಗೆ ಯಾವದು ಹತ್ತರ ಸಿಗತೈತಿ, ಅದನ್ನ ದೂಡತೀನಿ."

ಆ ಕಾಲಾಳಿಗೆ ಉತ್ತರ ಹುಡುಕಿ ಬರೆದು ತುಂಬಿಸಿದ್ದ ನನ್ನ ಮೂರು ನೋಟ್‌ಬುಕ್ಕುಗಳು ಕಣ್ಣ ಮುಂದೆ ಬಂದವು. ಆದರೂ ಒಳಗೊಳಗೇ ಖುಷಿಯಾಯಿತು, ಶತ್ರುವಿನ ಗುಟ್ಟು ಸಿಕ್ಕಿತಲ್ಲ. ಮರುದಿನ ಬೇಗ ಹೋಗಿ ಅವರ ಚಹಾವನ್ನು ಬಲಗಡೆ ಇಟ್ಟೆ. ಅವರು ಬಂದು ಕೂತರು, ಬಲಗೈಯಲ್ಲಿ ಗ್ಲಾಸು ಹಿಡಿದರು, ಎಡಗೈಯಿಂದ ಆ ಕಡೆಯ ಅಂಚಿನ ಕಾಲಾಳನ್ನು ದೂಡಿದರು.

ಆ ಅಂಚಿಗೆ ನನ್ನಲ್ಲಿ ಯಾವ ಸಿದ್ಧತೆಯೂ ಇರಲಿಲ್ಲ. ಚಹಾ ಆರುವ ಮೊದಲೇ ಸೋತೆ.

ಕೊನೆಯ ಆಟ

ಆ ತಿಂಗಳ ಕೊನೆಗೆ ಅವರು ನಿವೃತ್ತರಾಗಿ ಗದಗಿಗೆ ಹೊರಡುವವರಿದ್ದರು. ಒಂದೇ ಒಂದು ಸಲ ಅವರನ್ನು ಸೋಲಿಸಬೇಕು ಎಂಬ ಆಸೆ ನನಗೆ ಎಷ್ಟಿತ್ತೆಂದರೆ, ಕೊನೆಯ ದಿನ ಊಟ ಅರ್ಧಕ್ಕೇ ಬಿಟ್ಟು ಹಲಗೆಯ ಮುಂದೆ ಕೂತೆ. ಊಟದ ಬಿಡುವು ಮುಗಿಯುವ ಸೈರನ್ ಕೂಗುವುದರೊಳಗೆ ಆಟ ಮುಗಿಯದಿದ್ದರೆ ಇಬ್ಬರ ಕಾಯಿಗಳನ್ನೂ ಎಣಿಸಿ ತೀರ್ಪು ಕೊಡುವುದು ಪದ್ಧತಿ. ಅವತ್ತು ಆ ಹೊಣೆಯನ್ನು ಫೋರ್‌ಮನ್ ವಹಿಸಿಕೊಂಡಿದ್ದರು.

ರಾಜನ ಕಾಲಾಳಿನ ಮೇಲೆ ಕೈ ತಂದೆ. ಮುಟ್ಟಿದರೆ ನಡೆಸಲೇಬೇಕು, ಆದ್ದರಿಂದ ಮುಟ್ಟಲಿಲ್ಲ. ಕಿಟಕಿಯಾಚೆ ಹಳಿಗಳ ಮೇಲೆ ಬಿಸಿಲು ನಡುಗುತ್ತಿತ್ತು. ಮನಸ್ಸಿನೊಳಗೆ ಕಾಲಾಳು ಹೊರಟಿತು, ಹಿಂದೆಯೇ ಕುದುರೆ, ಒಂಟೆ, ಆನೆ. ಕರಿ ರಾಜ ಮೂಲೆ ಸೇರಿದ, ನಾನು ಗೆದ್ದೆ. ಯಾವುದಕ್ಕೂ ಇರಲಿ ಎಂದು ಹಿಂದೆ ಬಂದು ಮಂತ್ರಿಯ ಕಾಲಾಳಿನಿಂದ ಶುರು ಮಾಡಿ ನೋಡಿದೆ, ಅದರಲ್ಲೂ ಗೆದ್ದೆ. ಕುದುರೆಯಿಂದ ಶುರು ಮಾಡಿದ ಮೂರನೆಯ ಆಟವಂತೂ ಎಷ್ಟು ಚೆಂದ ಇತ್ತೆಂದರೆ, ಗೆದ್ದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆ.

ಆಗ ಸೈರನ್ ಕೂಗಿತು.

ನನ್ನ ಕೈ ಇನ್ನೂ ಗಾಳಿಯಲ್ಲಿತ್ತು. ಸ್ಟೋರ್ ಕೀಪರ್ ಎರಡನೆಯ ಚಹಾ ಮುಗಿಸಿ ಗ್ಲಾಸು ಕೆಳಗಿಡುತ್ತಿದ್ದರು. ಫೋರ್‌ಮನ್ ಬಗ್ಗಿ ಒಂದೊಂದೇ ಕಾಯಿಗೆ ಬೆರಳಿಟ್ಟು ನಿಷ್ಠೆಯಿಂದ ಎಣಿಸಿದರು. ಬಿಳಿ ಹದಿನಾರು, ಕರಿ ಹದಿನಾರು. ಅನುಮಾನ ಬಂದು ಇನ್ನೊಂದು ಸಲ ಎಣಿಸಿ, ಆಟ ಸಮ ಎಂದು ಘೋಷಿಸಿದರು.

ಒಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಸೋತಿರಲಿಲ್ಲ. ಆದರೆ ಈ ಮನುಷ್ಯ ನಾಳೆಯಿಂದ ಎದುರಿಗೆ ಇರುವುದಿಲ್ಲ ಎಂದು ನಿಜವಾಗಿ ಅನ್ನಿಸಿದ್ದೇ ಆಗ. ನಿಮ್ಮ ಕೊನೆಯ ಆಟ ಹಾಳು ಮಾಡಿಬಿಟ್ಟೆ ಸಾರ್, ಕ್ಷಮಿಸಿ ಎಂದೆ.

ಅವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಏನೂ ಹಾಳಾಗಿಲ್ಲ ತಮ್ಮಾ," ಎಂದರು. "ಒಂಬತ್ತು ವರ್ಷದಾಗ ನೀ ಒಂದೂ ತಪ್ಪು ಮಾಡಲಾರದ ಆಟ ಇದೊಂದ ನೋಡು."