ಏಳನೆಯ ಖೋಲಿಯ ಚಿಲಕ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಗೇಣುದ್ದದ ಒಂದು ಕಬ್ಬಿಣದ ಚಿಲಕ. ಚಪಳಗಾಂವದ ಸಾಯಲಿ ಅದನ್ನು ಹಳೆ ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಅಕ್ಕಲಕೋಟೆಯ ಬಸ್ಸಿನಲ್ಲಿ ಕೂತಿದ್ದಳು. ಎಡಗೈ ಮಣಿಕಟ್ಟಿಗೆ ಪಟ್ಟಿ, ಮುಖದ ಮೇಲೆ ಸಿಟ್ಟು.

ಪಕ್ಕದಲ್ಲಿದ್ದ ಓಣಿಯ ಪಾರ್ವತಿಬಾಯಿ ಕೇಳದೆ ಬಿಟ್ಟಾರೆಯೇ? “ಏನವಾ ಅದು? ಹೊಸಾ ಮನಿ ಕಟ್ಟಾಕತ್ತೀರೇನು?”

“ಇಲ್ರಿ ಮಾವಶಿ. ಕಾಲೇಜಿಗೆ ಒಯ್ಯಾಕತ್ತೀನಿ.”

“ಕಾಲೇಜಿಗೆ ಚಿಲಕಾ ನೀ ಒಯ್ಬೇಕಾ? ನಾಳಿ ಕದಾನೂ ಹೊರಸ್ತಾರ ನೋಡು!”

ಸಾಯಲಿಗೆ ನಗು ಬರಲಿಲ್ಲ. ಹಿಂದಿನ ವಾರ ಖಂಡಪ್ಪನೆಂಬ ಪುಂಡ ಗುಂಪು ಕಟ್ಟಿಕೊಂಡು, ಬಡಿಗೆ ಹಿಡಿದು ಕಾಲೇಜಿಗೆ ನುಗ್ಗಿದ್ದ. ಜಗಳ ಯಾರ ಮೇಲೋ, ಏಟು ಕೈಗೆ ಸಿಕ್ಕವರಿಗೆಲ್ಲ. ಏಳನೆಯ ಖೋಲಿಯ ಹುಡುಗಿಯರು ಕದ ಮುಚ್ಚಿ ನೋಡಿದರೆ ಒಳಗೆ ಚಿಲಕವೇ ಇಲ್ಲ! ಹುಡುಗರು ಬಾಗಿಲು ಹಾಕಿಕೊಂಡು ಇಸ್ಪೀಟು ಆಡುತ್ತಾರೆಂದು ಪ್ರಿನ್ಸಿಪಾಲ ಕಲ್ಯಾಣಪ್ಪನವರು ಎಲ್ಲ ಖೋಲಿಗಳ ಒಳಚಿಲಕ ಕೀಳಿಸಿದ್ದರು. ಸಾಯಲಿ ಮತ್ತು ಗೆಳತಿ ಮನೀಷಾ ಇಪ್ಪತ್ತು ನಿಮಿಷ ಕದಕ್ಕೆ ಬೆನ್ನು ಕೊಟ್ಟು ನಿಂತರು. ಸಾಯಲಿಯ ಎಡ ಮಣಿಕಟ್ಟು ಉಳುಕಿದ್ದು ಆಗಲೇ. ಮೂರು ಸಲ ಹೇಳಿದರೂ ಯಾರೂ ಚಿಲಕ ಹಾಕಿಸಲಿಲ್ಲ. ಕೊನೆಗೆ ತಾನೇ ಕೊಂಡು ತಂದಿದ್ದಳು.

ಕಾಲೇಜು ಮುಟ್ಟಿದವಳೇ ಸಿಪಾಯಿ ಜಟ್ಟೆಪ್ಪನನ್ನು ಹಿಡಿದಳು. “ಕಾಕಾ, ಇದನ್ನ ಏಳನೇ ಖೋಲಿಗೆ ಒಳಗಿಂದ ಬಡೀರಿ.”

“ಆರ್ಡರ್ ಬೇಕು ತಂಗಿ. ಆರ್ಡರ್ ಇಲ್ಲದ ನಾ ಒಂದು ಮೊಳಿ ಸೈತ ಬಡಿಯಾಂಗಿಲ್ಲ.”

ಸಾಯಲಿ ಪ್ರಿನ್ಸಿಪಾಲರ ಕ್ಯಾಬಿನ್ನಿಗೆ ಹೋದಳು. ಕಲ್ಯಾಣಪ್ಪನವರು ತಲೆಯೆತ್ತದೆ ಹೇಳಿದರು, “ಅರ್ಜಿ ಬರಿ. ಮೂರು ಪ್ರತಿ.”

“ಸರ್, ಖಂಡಪ್ಪ ಅರ್ಜಿ ಕೊಟ್ಟು ಬಂದಿದ್ನೇನ್ರಿ?”

“ಬಾಯಿ ಭಾಳ ಆತು ನಿಂದು! ಇವತ್ತು ಸುರಕ್ಷತಾ ಶಿಬಿರ ಐತಿ, ಸೊಲ್ಲಾಪುರದಿಂದ ಪಾವಣೇರು ಬರಾಕತ್ತ್ಯಾರ. ಹೋಗು, ಆರತಿ ತಾಟ ಹಿಡಿ.”

ಶಿಬಿರ ಅರ್ಧ ತಾಸು, ಸತ್ಕಾರ ಒಂದು ತಾಸು. ಅತಿಥಿಯಾಗಿ, ಅಂದರೆ ಪಾವಣೇರಾಗಿ ಬಂದ ಅವಿನಾಶ ಸರ್‌ಗೆ ಶಾಲು, ಟೋಪಿ, ತೆಂಗಿನಕಾಯಿ. ಶಾಲು ಹೊದಿಸಿದವರಿಗೂ ಶಾಲು. ಮೈಕು ಜೋಡಿಸಿದವನಿಗೂ ಕಾಯಿ. ಮಕ್ಕಳ ಜೀವದ ಮಾತಿಗೆ ಸರದಿ ಬರುವಷ್ಟರಲ್ಲಿ ಸಾಯಲಿಯ ಹಲ್ಲು ಕಟಕಟ ಅನ್ನುತ್ತಿದ್ದವು.

“ಗಲಾಟಿ ಆದ್ರ ಮೊದಲ ಓಡ್ರಿ,” ಅಂದರು ಅವಿನಾಶ ಸರ್. “ಓಡಾಕ ಆಗ್ಲಿಲ್ಲಂದ್ರ ಖೋಲಿ ಸೇರಿ ಒಳಗಿಂದ ಚಿಲಕಾ ಹಾಕ್ರಿ. ಕದಕ್ಕ ಬೆಂಚ್ ಅಡ್ಡ ಇಡ್ರಿ, ಲೈಟ್ ಆರಿಸ್ರಿ, ಒಂದು-ಒಂದು-ಎರಡಕ್ಕ ಫೋನ್ ಹಚ್ರಿ.”

ಸಾಯಲಿ ತಾಟು ಹಿಡಿದೇ ಕೂಗಿದಳು, “ಒಳಗ ಚಿಲಕಾನ ಇಲ್ರಿ ಸರ್!”

ಪ್ರಿನ್ಸಿಪಾಲರ ಮುಖ ಹುಣಸೆಕಾಯಿ ಕಚ್ಚಿದಂತಾಯಿತು.

“ಇಲ್ಲಾ? ಇವತ್ತ ಹಾಕಿಸ್ರಿ!” ಅಂದರು ಪಾವಣೇರು.

“ನಾನೂ ಅದನ್ನ ಹೇಳಾಂವ ಇದ್ದೆ ನೋಡ್ರಿ,” ಅಂದರು ಕಲ್ಯಾಣಪ್ಪನವರು. ಸಾಯಲಿಯ ಚಿಲಕವನ್ನೇ ಆರತಿ ತಾಟಿನಲ್ಲಿಟ್ಟು ಕುಂಕುಮ ಹಚ್ಚಿದರು, ಹೂ ಏರಿಸಿದರು. ಪಾವಣೇರ ಕೈಯಿಂದ ತಾವು ಸ್ವೀಕರಿಸಿ ಫೋಟೋ ತೆಗೆಸಿಕೊಂಡರು. ಸಾಯಲಿಗೆ ಒಂದು ಕಾಯಿ ಸಿಕ್ಕಿತು.

“ಜಟ್ಟೆಪ್ಪ, ಈಗಿಂದೀಗ ಬಡಿ ಇದನ್ನ!”

ಪಾವಣೇರು ಊಟ ಮಾಡಿ ಹೊರಟುಹೋದರು. ಮಧ್ಯಾಹ್ನವೆಲ್ಲ ಎಲ್ಲೋ ಕಲ್ಲಿನಿಂದ ಕಬ್ಬಿಣ ಬಡಿಯುವ ಸದ್ದು. ಒಂದು ವಾರದಲ್ಲಿ ಮೊದಲ ಸಲ ಸಾಯಲಿಯ ಮನಸ್ಸು ಹಗುರಾಯಿತು.

ನಾಲ್ಕು ಗಂಟೆಗೆ ಗೇಟಿನ ಕಡೆಯಿಂದ ಚೀರಾಟ. “ಖಂಡಪ್ಪ ಬಂದಾನ! ಓಡ್ರಿ!”

ಸಾಯಲಿ ಸಿಕ್ಕ ಹುಡುಗಿಯರನ್ನೆಲ್ಲ ಎಳೆದುಕೊಂಡು ಏಳನೆಯ ಖೋಲಿ ಸೇರಿದಳು. ಕದ ಹಾಕಿ ಕೈಯಾಡಿಸಿದಳು. ಸಿಕ್ಕಿದ್ದು ಹಳೆಯ ಚಿಲಕದ ನಾಲ್ಕು ತೂತುಗಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ!

“ಬೆಂಚ್ ತರ್ರಿ! ಲೈಟ್ ಆರಿಸ್ರಿ! ಮನೀಷಾ, ಫೋನ್ ಹಚ್ಚ!” ಎಂದು ಮತ್ತೆ ಕದಕ್ಕೆ ಬೆನ್ನು ಕೊಟ್ಟಳು. ಹೊರಗಿನಿಂದ ಬಡಿಗೆಯ ಏಟು ಬಿದ್ದಾಗಲೆಲ್ಲ ಬೆನ್ನೆಲುಬು ನಡುಗುತ್ತಿತ್ತು. ಪೊಲೀಸರು ಬಂದು ಖಂಡಪ್ಪನ ಗುಂಪು ಓಡಿಹೋಗುವಷ್ಟರಲ್ಲಿ ಬಲಗೈ ಮಣಿಕಟ್ಟೂ ಉಳುಕಿತ್ತು. ಮನೀಷಾ ಅದಕ್ಕೂ ಪಟ್ಟಿ ಕಟ್ಟಿದಳು.

ಆಗ ಜಟ್ಟೆಪ್ಪ ಏದುಸಿರು ಬಿಡುತ್ತ ಬಂದ. “ತಂಗಿ, ಲಗೂನ ಬಾ! ಸಾಹೇಬ್ರ ಕ್ಯಾಬಿನ್ ಕದಾ ತೆಗ್ಯಾಕ ಬರವಲ್ದು. ಕಲ್ಲಿಲೆ ಬಡ್ದಿದ್ನಲ್ಲ, ಸೊಟ್ಟಾಗಿ ಸಿಕ್ಕೊಂಡೈತಿ.”

“ಏನ ಸಿಕ್ಕೊಂಡೈತಿ?”

ಜಟ್ಟೆಪ್ಪ ನೆಲ ನೋಡಿದ. “ನಿನ್ನ ಚಿಲಕಾ. ‘ಮೊದಲ ನನ್ನ ಖೋಲಿಗೆ’ ಅಂದ್ರು. ನಾ ಏನ ಮಾಡ್ಲಿ?”

ಸಾಯಲಿಗೆ ಮೈಯೆಲ್ಲ ಉರಿದುಹೋಯಿತು. ಕ್ಯಾಬಿನ್ ಮುಂದೆ ಹೋದರೆ ಒಳಗಿನಿಂದ ಪ್ರಿನ್ಸಿಪಾಲರ ದನಿ ಕೇಳುತ್ತಿತ್ತು. “ಸಾಯಲಿ ಬಂದಾಳೇನು? ನಿನ್ನ ಚಿಲಕಾ ಹೆಂಗ ತೆಗೀತಾರ ಹೇಳವಾ! ಫ್ಯಾನೂ ನಿಂತೈತಿ, ಉಸಿರು ಕಟ್ಟಾಕತ್ತೈತಿ!”

“ಅರ್ಜಿ ಬರೀರಿ ಸರ್,” ಅಂದಳು ಸಾಯಲಿ. “ಮೂರು ಪ್ರತಿ. ಕದದ ಕೆಳಗಿಂದ ಸರಸ್ರಿ.”

ಪೊಲೀಸರೇ ಕದ ಒಡೆದು ಕಲ್ಯಾಣಪ್ಪನವರನ್ನು ಹೊರತೆಗೆದರು. ಸಾಯಲಿಯ ಬಸ್ಸು ಬರುವ ಮೊದಲೇ ಫಲಕದ ಮೇಲೆ ಸೂಚನೆ ಬಿತ್ತು: ‘ಒಳಚಿಲಕದಿಂದ ಜೀವಕ್ಕೆ ಅಪಾಯವೆಂದು ಕಂಡುಬಂದ ಕಾರಣ, ಇನ್ನು ಮುಂದೆ ಕಾಲೇಜಿನ ಯಾವ ಖೋಲಿಗೂ ಒಳಚಿಲಕ ಹಾಕತಕ್ಕದ್ದಲ್ಲ. ಸದರಿ ಚಿಲಕ ತಂದ ವಿದ್ಯಾರ್ಥಿನಿ ನಾಳೆಯೊಳಗೆ ಸ್ವಹಸ್ತದಿಂದ ವಿವರಣೆ ಬರೆದುಕೊಡಬೇಕು. ಮೂರು ಪ್ರತಿ.’

ಸಾಯಲಿ ಪಟ್ಟಿ ಕಟ್ಟಿದ ಎರಡೂ ಕೈಗಳನ್ನು ನೋಡಿಕೊಂಡಳು.