ಹೋತಮ್ ವಾಪಸು ಕೊಟ್ಟ ಸಕ್ಕರೆ ಗಂಟು

"ಇವತ್ತಿಂದ ಈ ಮನೆ ಹೊಸಲು ದಾಟಿ ಒಂದು ಹರಳು ಸಕ್ಕರೆ ಒಳಗೆ ಬರಕೂಡದು!"

ಸಮರ್ಕಂದದ ಹಳೇ ಕೇರಿಯ ಹೋತಮ್ ಹೀಗೆ ಘೋಷಿಸಿದ್ದು ಬೆಳಗಿನ ಚಹಾದ ಹೊತ್ತಿಗೆ, ಎಡಗೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡು. ಅವನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕಲಿಯುವವರ ಪಕ್ಕ ಕೂತು "ಬ್ರೇಕ್! ಬ್ರೇಕ್!" ಎಂದು ಅರಚಿ ಅರಚಿ ಹದಗೊಂಡ ಗಂಟಲು ಮನೆಯಲ್ಲೂ ಅದೇ ಗೇರಿನಲ್ಲಿ ಓಡುತ್ತಿತ್ತು. ಹಿಂದಿನ ದಿನ ಹಲ್ಲಿನ ಡಾಕ್ಟರು ಅವನ ಬಾಯಿಗೆ ದೀಪ ಬಿಟ್ಟು ನೋಡಿ, "ಚಹಾದ ಜೊತೆ ಕಲ್ಲುಸಕ್ಕರೆ ಕಡಿಯೋದು ಬಿಡಿ. ಬಾಯಾಡಿಸೋಕೆ ಅಕ್ರೋಟು, ಸೇಬು ತಿನ್ನಿ, ಸಾಕು" ಎಂದಿದ್ದರು. ಡಾಕ್ಟರು ಕೊಟ್ಟದ್ದು ಸಲಹೆ. ಮನೆ ಮುಟ್ಟುವಷ್ಟರಲ್ಲಿ ಅದು ಶಾಸನವಾಗಿತ್ತು.

ಮುರಬ್ಬದ ಭರಣಿಗಳು ಪಕ್ಕದ ಮನೆಗೆ ಗಡೀಪಾರಾದವು. ಹಲ್ವಾ ಡ್ರೈವಿಂಗ್ ಶಾಲೆಯ ಕಾವಲುಗಾರನ ಪಾಲಾಯಿತು. ಊಟದ ಹಾಸಿನ ಮೇಲೆ ಉಳಿದದ್ದು ಅಕ್ರೋಟು, ಸೇಬಿನ ಹೋಳು ಮತ್ತು ಒಂದು ಬೋಗುಣಿ ಕುರುತ್. ಮೊಸರು ಹಿಂಡಿ, ಉಪ್ಪು ಬೆರೆಸಿ, ಉಂಡೆ ಕಟ್ಟಿ ಬಿಸಿಲಿನಲ್ಲಿ ಕಲ್ಲಾಗುವ ತನಕ ಒಣಗಿಸಿದ ಪದಾರ್ಥ ಅದು.

"ನೆಂಟರು ಬಂದ್ರೆ ಏನಿಡ್ಲಿ, ಹಿಂಡಿ ಬೂಸಾನಾ?" ಎಂದಳು ಹೆಂಡತಿ ಸನೋಬರ್.

"ಕುರುತ್ ಇಡು! ಹಲ್ಲಿಗೆ ಅದಕ್ಕಿಂತ ಒಳ್ಳೇದು ಭೂಮಿ ಮೇಲಿಲ್ಲ. ನಮ್ಮಜ್ಜ ಸಾಯೋ ತನಕ ಕುರುತ್ ಕಡೀತಿದ್ದ."

"ಕಡೀತಿರ್ಲಿಲ್ಲ, ಚೀಪ್ತಿದ್ರು. ಅವರ ಬಾಯಲ್ಲಿ ಹಲ್ಲೇ ಇರ್ಲಿಲ್ಲ."

ವಂಶದ ಮಾನದ ಪ್ರಶ್ನೆ! ಹೋತಮ್ ಬೋಗುಣಿಯಲ್ಲಿದ್ದ ಅತಿ ದೊಡ್ಡ ಉಂಡೆಯನ್ನು ಆರಿಸಿ, ಬಾಯಿಗೆಸೆದು, ಕಡಿದ. ಕಟಕ್! ಮದುವೆಯ ವರ್ಷ ಕಟ್ಟಿಸಿದ್ದ ಚಿನ್ನದ ಹಲ್ಲು ಬುಡ ಬಿಟ್ಟಿತು. ಉಗಿದರೆ ಹೆಂಡತಿ ನೋಡುತ್ತಾಳೆ. ಹೋತಮ್ ಒಂದು ಗುಟುಕು ಚಹಾ ಕುಡಿದು ಚಿನ್ನವನ್ನು ಹೊಟ್ಟೆಗಿಳಿಸಿದ.

"ಏನದು ಸದ್ದು?"

"ಅಕ್ರೋಟು."

ಹಲ್ಲು ಹೋದ ಜಾಗಕ್ಕೆ ಸಿಟ್ಟು ಬಂದು ಕೂತಿತು. ಕುರುತ್ತನ್ನು ಬೈಯುವಂತಿಲ್ಲ, ಅದನ್ನು ಹೊಗಳಿದ ಬಾಯಿ ಅವನದೇ. ಹಾಗಾಗಿ ಶಾಪವೆಲ್ಲ ಸಕ್ಕರೆಯ ಪಾಲಿಗೆ ಬಿತ್ತು. ನೀರು ಕುಡಿದರೆ ಜುಮ್ಮೆನ್ನುತ್ತಿತ್ತು, ಆಗ ಸಕ್ಕರೆಗೆ ಬೈಗುಳ. ಗಾಳಿ ಎಳೆದುಕೊಂಡರೆ ಜುಮ್ಮೆನ್ನುತ್ತಿತ್ತು, ಆಗ ಸಕ್ಕರೆ ಕಂಡುಹಿಡಿದವನ ವಂಶಕ್ಕೆ.

ಅದೇ ವಾರ ಒಂದು ಮಧ್ಯಾಹ್ನ ಸನೋಬರ್ ರೊಟ್ಟಿ ತರಲು ಕೇರಿಯ ಒಲೆಗೆ ಹೋಗಿದ್ದಳು. ಮಲಗಲೆಂದು ಹೋತಮ್ ಗೋಡೆ ಬದಿಗೆ ಪೇರಿಸಿಟ್ಟಿದ್ದ ಹಾಸಿಗೆಗಳಲ್ಲಿ ಒಂದನ್ನು ಎಳೆದ. ಅದರ ಹಿಂದಿನಿಂದ ಕಸೂತಿ ಬಟ್ಟೆಯ ಗಂಟೊಂದು ಉರುಳಿಬಿತ್ತು. ಮೂಸಿದ. ಹಲ್ವಾ! ಹಿಸುಕಿದ. ಕಲ್ಲುಸಕ್ಕರೆ!

"ನಿಗಿನಾ! ಯಾರ ಮನೇದು ಇದು?"

ಅಂಗಳದಲ್ಲಿದ್ದ ಮಗಳು ಗಂಟು ನೋಡಿ ಕೆಂಪೇರಿದಳು. "ಬೀಬಿ ರಜಬ್ ಮನೇದು... ಅಮ್ಮ ಬರ್ಲಿ ಅಪ್ಪಾ, ಅಮ್ಮಾನೇ ಹೇಳ್ತಾರೆ."

ಬೀಬಿ ರಜಬ್ ಕೇರಿಯ ಕೊನೆಯ ಮನೆಯ ಮುದುಕಿ. ಅವಳೂ ಮಗ ಸುಹ್ರೋಬನೂ ಹಲ್ವಾ ಮಾಡಿ ಮಾರುವವರು, ನೆರೆಹೊರೆಗೆ ಒಂದಲ್ಲ ಒಂದು ಸಿಹಿ ಕಳಿಸುತ್ತಲೇ ಇರುವವರು. ಕಳ್ಳಸಾಗಣೆಯ ಮೂಲ ಪತ್ತೆಯಾಯಿತೆಂದು ಹೋತಮ್ ನಿರ್ಧರಿಸಿದ. "ಅಪ್ಪಾ, ಅದನ್ನ ಮಾತ್ರ..." ಎಂದು ನಿಗಿನಾ ತೊದಲುವಷ್ಟರಲ್ಲಿ ಬೀದಿಗಿಳಿದಿದ್ದ. ಜಗಲಿಗಳ ಮೇಲಿದ್ದ ಹೆಂಗಸರು ಗಂಟು ಹೊತ್ತು ಹೊರಟವನನ್ನು ಕಣ್ಣಗಲಿಸಿ ನೋಡಿದರು. ಅವನು ಬೀಬಿ ರಜಬ್‌ಳ ಮನೆ ಹೊಕ್ಕು, ಗಂಟನ್ನು ಅವಳ ಮಡಿಲಲ್ಲಿಟ್ಟು, "ನಿಮ್ಮ ಸಕ್ಕರೆ ನಮಗೆ ಬೇಡ!" ಎಂದು ಹೇಳಿ, ದಂಡಯಾತ್ರೆ ಮುಗಿಸಿದ ದೊರೆಯಂತೆ ಹಿಂದಿರುಗಿದ.

ಗಂಟಿನ ಸುದ್ದಿಯನ್ನು ಒಲೆಯ ಬಳಿಯೇ ಕೇಳಿ ಸನೋಬರ್ ರೊಟ್ಟಿಯಿಲ್ಲದೆ ಓಡಿಬಂದಳು.

"ನಿಗಿನಾಳ ಅಪ್ಪಾ! ಏನು ಮಾಡಿ ಬಂದ್ರಿ?"

"ಸಕ್ಕರೆ ವಾಪಸು ಕೊಟ್ಟೆ."

"ಸಕ್ಕರೆ ಅಲ್ಲ, ಮಗಳ ಮದುವೆ ವಾಪಸು ಕೊಟ್ರಿ! ಸುಹ್ರೋಬನಿಗೆ ನಮ್ಮ ಹುಡುಗೀನ ಕೇಳಿ ಕಳಿಸಿದ ಗಂಟು ಅದು!"

ಹೋತಮ್‌ಗೆ ನೀರು ಕುಡಿಯದೆಯೂ ಹಲ್ಲು ಜುಮ್ಮೆಂದಿತು. ಗಂಡಿನ ಕಡೆಯಿಂದ ಬಂದ ಗಂಟನ್ನು ಬಿಚ್ಚಿದರೆ ಒಪ್ಪಿಗೆ, ಹಾಗೇ ಹಿಂದಿರುಗಿಸಿದರೆ ನಿರಾಕರಣೆ. ಇದು ಕೇರಿಯ ಕತ್ತೆಗೂ ಗೊತ್ತು.

"ನನಗ್ಯಾಕೆ ಹೇಳ್ಲಿಲ್ಲ?" ಎಂದು ಗುಡುಗಿದ.

"ಯಾವಾಗ ಹೇಳ್ಲಿ? ಬಾಯಿ ತೆಗೆದ್ರೆ ಹಲ್ಲು, ಮುಚ್ಚಿದ್ರೆ ಹಲ್ಲು! ಸಿಟ್ಟು ಇಳೀಲಿ, ಆಮೇಲೆ ಹೇಳೋಣ ಅಂತಿದ್ದೆ. ಅದು ಇಳಿದ್ರೆ ತಾನೇ! ಇವಳನ್ನಾದ್ರೂ ಕೇಳಿದ್ರಾ?"

"ಕೇಳ್ದೆ! ಬಾಯೇ ಬಿಡ್ಲಿಲ್ಲ!"

"ತನ್ನ ಮದುವೆ ಮಾತನ್ನ ಯಾವ ಹುಡುಗಿ ಅಪ್ಪನೆದುರು ಆಡ್ತಾಳೆ?"

ಆಗ ಒಳಕೋಣೆಯ ಬಾಗಿಲು ತೆರೆಯಿತು. "ನಾನು ಆಡ್ತೀನಿ," ಎಂದಳು ನಿಗಿನಾ. ಕಣ್ಣು ಊದಿಕೊಂಡಿತ್ತು. "ಆ ಮನೆ ನನಗೆ ಒಪ್ಪಿಗೆಯಾಗಿತ್ತು, ಅಪ್ಪಾ." ಬಾಗಿಲು ಮತ್ತೆ ಮುಚ್ಚಿತು.

ಜನ್ಮವಿಡೀ ಬ್ರೇಕ್ ಕಲಿಸಿದವನಿಗೆ ಅದು ಯಾವ ಕಾಲ ಕೆಳಗಿರುತ್ತದೆಂಬುದು ಆ ಗಳಿಗೆಯಲ್ಲಿ ಮರೆತುಹೋಯಿತು.

ಸಂಜೆ ಗಂಡ ಹೆಂಡತಿ ಬೀಬಿ ರಜಬ್‌ಳ ಮನೆಗೆ ಹೋದರು. ಗಂಟು ಬಿಚ್ಚದೆ ಹಾಸಿನ ನಡುವೆ ಕೂತಿತ್ತು. ಬೀಬಿ ರಜಬ್‌ಳ ಬಾಯಿ ತುಂಬ ಚಿನ್ನದ ಹಲ್ಲು. ಒಂದೂ ಅಲುಗಾಡಿರಲಿಲ್ಲ.

"ತಪ್ಪಾಯ್ತು ಬೀಬಿ. ಗಂಟು ಕೊಡಿ, ತಗೊಂಡು ಹೋಗ್ತೀನಿ."

"ಆಹಾ! ವಾಪಸು ಬಂದದ್ದನ್ನ ಮತ್ತೆ ಕಳಿಸೋಕೆ ನನ್ನ ಮಗ ಏನು ಸಂತೇಲಿ ಉಳಿದ ಕಲ್ಲಂಗಡಿನಾ?" ಮುದುಕಿ ಚಹಾದ ತಟ್ಟೆಯಿಂದ ಕಲ್ಲುಸಕ್ಕರೆ ಎತ್ತಿ ಕಟುಮ್ಮನೆ ಕಡಿದಳು. ಹೋತಮ್ ಕೆನ್ನೆ ಹಿಡಿದುಕೊಂಡ. "ಒಂದು ದಾರಿ ಇದೆ. ನೀನು ಗಂಟು ಹೊತ್ತು ಇಲ್ಲಿಗೆ ಬಂದದ್ದನ್ನ ಕೇರಿ ನೋಡಿದೆ. ಅದು ಯಾರ ಗಂಟು, ಒಳಗೆ ಏನಂದೆ ಅಂತ ಯಾರಿಗೂ ಗೊತ್ತಿಲ್ಲ. ನಾಳೆ ಚಹಾದಂಗಡೀಲಿ ಎಲ್ಲರೆದುರು ನೀನೇ ಹೇಳು. 'ನಿಮ್ಮ ಮಗನ್ನ ನಮ್ಮ ಹುಡುಗಿಗೆ ಕೊಡಿ ತಾಯಿ ಅಂತ ಬೇಡ್ಕೊಳ್ಳೋಕೆ ಹೋಗಿದ್ದೆ' ಅಂತ."

"ಏನು! ಹೆಣ್ಣು ಹೆತ್ತವನು ಗಂಡು ಕೇಳ್ಕೊಂಡು ಹೋಗೋದಾ? ನಮ್ಮ ಏಳು ತಲೆಮಾರಲ್ಲಿ..."

"ಬ್ರೇಕ್!" ಎಂದಳು ಸನೋಬರ್.

ಏಳು ತಲೆಮಾರೂ ಅಲ್ಲೇ ನಿಂತವು. ಮುಚ್ಚಿದ ಬಾಗಿಲೊಂದು ಹೋತಮ್‌ನ ಕಣ್ಣಮುಂದೆ ಬಂತು.

"ಹೇಳ್ತೀನಿ," ಎಂದ, ಉಳಿದ ಹಲ್ಲು ಕಚ್ಚಿಕೊಂಡು.

ಬೀಬಿ ರಜಬ್ ಗಂಟು ಬಿಚ್ಚಿದಳು. "ಹಾಗಾದ್ರೆ ಬಾಯಿ ಸಿಹಿ ಮಾಡ್ಕೊಳ್ಳಿ ಬೀಗರೇ!" ಎಂದು ಕಲ್ಲುಸಕ್ಕರೆಯ ತುಂಡೊಂದನ್ನು ಎತ್ತಿ ಹಿಡಿದಳು. ಹೋತಮ್ ಬಾಯಿ ತೆರೆದ. ಮುದುಕಿ ಇಣುಕಿದಳು.

"ಇಲ್ಲೊಂದು ಚಿನ್ನದ ಹಲ್ಲಿತ್ತಲ್ಲ? ನಮ್ಮ ಸಕ್ಕರೆ ಕಡಿದು ಹೋಯ್ತಾ?"

"ಇಲ್ಲ," ಎಂದ ಹೋತಮ್ ನೆಲ ನೋಡುತ್ತ. "ಕುರುತ್."

"ಅಕ್ರೋಟು ಅಂದಿದ್ರಿ!" ಎಂದಳು ಸನೋಬರ್.

ಬೀಬಿ ರಜಬ್ ನಕ್ಕಾಗ ಕೋಣೆಯೆಲ್ಲ ಹೊಂಬಣ್ಣವಾಯಿತು. "ಹೋಗ್ಲಿ ಬಿಡಿ. ಇನ್ಮೇಲೆ ಹಬ್ಬ ಹಬ್ಬಕ್ಕೂ ಅಳಿಯನ ಕೈಯ ಮೆತ್ತನೆ ಹಲ್ವಾ ಬರುತ್ತೆ. ಬೇಡ ಅಂತ ವಾಪಸು ಕಳಿಸಿದ್ರೋ, ಮಾರನೇ ದಿನ ನಿಮ್ಮ ಮನೆಗೆ ಒಂದು ಮೂಟೆ ಕುರುತ್ ಬರುತ್ತೆ!"

ಹೋತಮ್ ಕಲ್ಲುಸಕ್ಕರೆಯನ್ನು ಬಲಗೆನ್ನೆಗೆ ಸರಿಸಿಕೊಂಡು, ಅಜ್ಜನ ಹಾಗೆ ಚೀಪತೊಡಗಿದ.